ಧೂಪದ ಮರದ ಬುಡದ ಅಣಬೆ: ಖಂಡ ದಾಟಿ ಬಂದ ಒಂದು ಹಳೆಯ ಸ್ನೇಹ

ಮುಂಗಾರಿನ ಮೊದಲ ಮಳೆ ಬಿದ್ದು, ಎರಡು ಜೋರು ಗುಡುಗು ಕೇಳಿದರೆ ಸಾಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಅಣಬೆ ಹುಡುಕುವವರು ಚೀಲ ಹಿಡಿದು ಹೊರಡುತ್ತಾರೆ. ಕನ್ನಡದಲ್ಲಿ ಅಣಬೆ, ಕೆಲವೆಡೆ ನಾಯಿಕೊಡೆ, ತುಳುವಿನಲ್ಲಿ ಲಾಂಬು, ಕೊಡವ ಭಾಷೆಯಲ್ಲಿ ಕುಮ್ಮ್. ಹೆಸರು ಬೇರೆ ಇರಬಹುದು, ಹುಡುಕುವವರ ಲೆಕ್ಕ ಮಾತ್ರ ಒಂದೇ. ಹುತ್ತದ ಅಣಬೆ ಬೇಕೆಂದರೆ ಹುತ್ತವಿದ್ದ ಜಾಗಕ್ಕೆ ಹೋಗಬೇಕು. ಕಟ್ಟಿಗೆಯ ಮೇಲೆ ಏಳುವ ಅಣಬೆಗೆ ಬಿದ್ದ ಮರ ನೋಡಬೇಕು. ಕಲ್ಲಣಬೆ ಬೇಕೆಂದರೆ ಬೋಗಿ, ಧೂಪದಂಥ ಮರಗಳಿರುವ ಕಾಡಿನ ಅಂಚಿನ ಮುರಕಲ್ಲು ಮಣ್ಣು ಕೆದಕಬೇಕು.

ಈ ಮೂರನೆಯ ಲೆಕ್ಕವನ್ನೇ ನಾವು ಇವತ್ತು ಹಿಡಿದುಕೊಂಡಿದ್ದೇವೆ. ಕಲ್ಲಣಬೆ ಎಲ್ಲ ಮರದ ಕೆಳಗೂ ಏಕೆ ಸಿಗುವುದಿಲ್ಲ? ಹೋದ ವರ್ಷ ಸಿಕ್ಕಿದ ಮರದ ಹತ್ತಿರವೇ ಈ ವರ್ಷವೂ ಏಕೆ ಸಿಗುತ್ತದೆ? ಉತ್ತರ ಮಣ್ಣಿನೊಳಗಿದೆ. ಅದು ತುಂಬ ಹಳೆಯದು, ಮತ್ತು ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಪಶ್ಚಿಮ ಘಟ್ಟಕ್ಕೇ ಸೇರಿದ್ದು.

ಅಣಬೆ ಗಿಡವಲ್ಲ

ಮೊದಲು ಒಂದು ವಿಷಯ ತಿಳಿ ಮಾಡಿಕೊಳ್ಳೋಣ. ಅಣಬೆ ಸಸ್ಯವಲ್ಲ. ಅದಕ್ಕೆ ಹಸಿರು ಇಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಅದು ಶಿಲೀಂಧ್ರ. ಜೀವಿಗಳ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ. ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಅಣಬೆಯ ಮೈಗೂ ಗಟ್ಟಿತನ ಕೊಡುತ್ತದೆ.

ನಾವು ಕಿತ್ತು ತರುವ ಕೊಡೆ ಶಿಲೀಂಧ್ರದ ಪೂರ್ತಿ ದೇಹವೂ ಅಲ್ಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ, ಇದೂ ಹಾಗೆ. ನಿಜವಾದ ದೇಹ ಮಣ್ಣಿನಲ್ಲಿ ಅಥವಾ ಕಟ್ಟಿಗೆಯಲ್ಲಿ ನೂಲಿನಂತೆ ಹರಡಿರುತ್ತದೆ. ಆ ನೂಲು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ವರ್ಷಪೂರ್ತಿ ಅದು ನೆಲದಡಿ ಬದುಕುತ್ತದೆ. ಮಳೆ ಬಂದಾಗ ಬೀಜದಂಥ ಪುಡಿ ಹರಡಲು ಕೆಲವು ದಿನ ಮಾತ್ರ ಮೇಲೆ ಬರುತ್ತದೆ.

ಬೇರಿಗಿಂತ ಮೊದಲೇ ಸಿಕ್ಕ ಜೊತೆಗಾರ

ಗಿಡಗಳು ನೀರು ಬಿಟ್ಟು ನೆಲಕ್ಕೆ ಬಂದಾಗ ನೆಲದ ಮೇಲೆ ಇವತ್ತಿನ ಹಾಗೆ ಮಣ್ಣು ಇರಲಿಲ್ಲ. ಬಹುಪಾಲು ಬರೀ ಕಲ್ಲು, ಮರಳು, ಕೆಸರು. ಆ ಗಿಡಗಳಿಗೆ ಸರಿಯಾದ ಬೇರೂ ಇರಲಿಲ್ಲ. ಕಲ್ಲಿನಲ್ಲಿ ಬಿಗಿದುಕೊಂಡ ರಂಜಕವನ್ನು ಎಳೆದುಕೊಳ್ಳಲು ಅವುಗಳಿಗೆ ಸಾಧನವೇ ಇರಲಿಲ್ಲ. ಶಿಲೀಂಧ್ರಕ್ಕೆ ಆ ಸಾಧನ ಇತ್ತು. ತೆಳು ನೂಲು ಬಿರುಕಿಗೆ ನುಗ್ಗಬಲ್ಲದು, ಆಮ್ಲ ಸುರಿಸಿ ಖನಿಜ ಕರಗಿಸಬಲ್ಲದು. ಅದಕ್ಕೆ ಇಲ್ಲದ್ದು ಸಕ್ಕರೆ. ಗಿಡ ಬಿಸಿಲಿನಿಂದ ಸಕ್ಕರೆ ಮಾಡಬಲ್ಲದು. ಕೊಡುಕೊಳ್ಳುವಿಕೆ ಹೀಗೆ ಶುರುವಾಯಿತು.

ಇದು ಬರೀ ಊಹೆಯಲ್ಲ. ಸ್ಕಾಟ್ಲೆಂಡಿನಲ್ಲಿ ರೈನಿ ಎಂಬ ಹಳ್ಳಿ ಇದೆ. 1910ರ ದಶಕದ ಆರಂಭದಲ್ಲಿ ವಿಲಿಯಂ ಮ್ಯಾಕಿ ಎಂಬ ವೈದ್ಯರಿಗೆ ಅಲ್ಲಿನ ಹೊಲದ ಕಲ್ಲುಗೋಡೆಗಳಲ್ಲಿ ವಿಚಿತ್ರ ಕಲ್ಲು ಕಂಡಿತು. ತೆಳುವಾಗಿ ಸೀಳಿ ನೋಡಿದರೆ ಒಳಗೆ ಗಿಡಗಳ ಕಾಂಡ, ಜೀವಕೋಶ ಸಮೇತ, ಹಾಗೇ ಉಳಿದಿತ್ತು. ಸುಮಾರು 40.7 ಕೋಟಿ ವರ್ಷಗಳ ಹಿಂದೆ ಅಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಆ ನೀರಿನಲ್ಲಿ ಕರಗಿದ್ದ ಸಿಲಿಕಾ ಗಿಡಗಳ ಮೈಯೊಳಗೆ ಇಳಿದು ಅವುಗಳನ್ನು ಇದ್ದ ಹಾಗೇ ಕಲ್ಲಾಗಿಸಿತ್ತು.

1994ರಲ್ಲಿ ವಿಜ್ಞಾನಿಗಳು ಅದೇ ಕಲ್ಲಿನ ಒಂದು ಗಿಡದ ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರವನ್ನು ತೋರಿಸಿದರು. ಇವತ್ತು ನಮ್ಮ ರಾಗಿ, ಜೋಳ, ತೆಂಗು, ಅಡಿಕೆಯ ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅದೇ ಆಕಾರ ಕಾಣುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದೇ ಬಗೆಯ ಶಿಲೀಂಧ್ರದ ಇನ್ನೂ ಹಳೆಯ ಕುರುಹು ಸಿಕ್ಕಿದೆ. ಅದರ ವಯಸ್ಸು ಸುಮಾರು 46 ಕೋಟಿ ವರ್ಷ.

46 ಕೋಟಿ ವರ್ಷವನ್ನು ಒಂದು ಕ್ಯಾಲೆಂಡರ್ ವರ್ಷ ಎಂದುಕೊಳ್ಳಿ. ಜನವರಿ 1ಕ್ಕೆ ಆ ಶಿಲೀಂಧ್ರ ಇತ್ತು. ಮನುಷ್ಯ ಬಂದದ್ದು ಡಿಸೆಂಬರ್ 31ರ ಸಂಜೆ ಆರರ ಮೇಲೆ. ಬೇಸಾಯ ಶುರುವಾದದ್ದು ಆ ರಾತ್ರಿ ಹನ್ನೆರಡಕ್ಕೆ ಹನ್ನೊಂದು ನಿಮಿಷ ಇರುವಾಗ.

ಈ ಹಳೆಯ ಜೊತೆಗಾರ ಕೊಡೆ ಬಿಡುವುದಿಲ್ಲ. ಅದು ಪೂರ್ತಿ ಮಣ್ಣಿನಲ್ಲೇ ಇರುವ ಬಗೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲಿನ ಗಿಡಗಳಲ್ಲಿ ಹತ್ತಕ್ಕೆ ಏಳರಷ್ಟು ಇಂದಿಗೂ ಇದರ ಜೊತೆಗೇ ಬದುಕುತ್ತವೆ. ಎಲೆಕೋಸು, ಸಾಸಿವೆ ಕುಟುಂಬದಂಥ ಕೆಲವು ಮಾತ್ರ ಈ ಜೊತೆಯನ್ನು ಬಿಟ್ಟಿವೆ. ತೊಗರಿ, ಹೆಸರು, ಶೇಂಗಾದ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿರುತ್ತವಲ್ಲ, ಅಲ್ಲಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳಲು ಗಿಡ ಬಳಸುವ ಹಲವು ಜೀನ್‌ಗಳು ಮೂಲತಃ ಈ ಶಿಲೀಂಧ್ರಕ್ಕಾಗಿ ಇದ್ದವು. ಹಳೆಯ ಬಾಗಿಲಿನಲ್ಲೇ ಹೊಸ ನೆಂಟನನ್ನು ಕರೆದುಕೊಂಡಂತೆ.

ಕೊಡೆ ಹಿಡಿದವರು ಬಂದದ್ದು ಕಟ್ಟಿಗೆ ತಿನ್ನಲು

ಹಾಗಾದರೆ ಕೊಡೆ ಬಿಡುವ ಅಣಬೆಗಳು ಎಲ್ಲಿಂದ ಬಂದವು? ಅವು ಬೇರೆಯದೇ ವಂಶ. ಶುರುವಿನಲ್ಲಿ ಅವು ಮರದ ಸ್ನೇಹಿತರಲ್ಲ, ಮರ ತಿನ್ನುವವರು.

ಮರಕ್ಕೆ ಗಟ್ಟಿತನ ಬರುವುದು ಲಿಗ್ನಿನ್ ಎಂಬ ವಸ್ತುವಿನಿಂದ. ಅದನ್ನು ಒಡೆಯುವುದು ಬಹಳ ಕಷ್ಟ. 2012ರಲ್ಲಿ ವಿಜ್ಞಾನಿಗಳ ಒಂದು ದೊಡ್ಡ ತಂಡ 31 ಶಿಲೀಂಧ್ರಗಳ ಜೀನ್‌ಗಳನ್ನು ಹೋಲಿಸಿ ನೋಡಿತು. ಲಿಗ್ನಿನ್ ಒಡೆಯುವ ಕಲೆ ಸುಮಾರು 30 ಕೋಟಿ ವರ್ಷಗಳ ಹಿಂದೆ ಅಣಬೆಗಳ ಪೂರ್ವಜರಲ್ಲಿ ಬಂತು ಎಂದು ಅವರು ಲೆಕ್ಕ ಹಾಕಿದರು. ಅದಕ್ಕೂ ಮೊದಲು ಬಿದ್ದ ಮರಗಳು ಕೊಳೆಯದೆ ಕಲ್ಲಿದ್ದಲಾದವು, ಅಣಬೆ ಬಂದ ಮೇಲೆ ಕಲ್ಲಿದ್ದಲು ಆಗುವುದು ಕಡಿಮೆಯಾಯಿತು ಎಂಬ ಮಾತು ಆಗ ತುಂಬ ಓಡಾಡಿತು. ಆದರೆ 2016ರಲ್ಲಿ ಇನ್ನೊಂದು ತಂಡ ಇದನ್ನು ಒಪ್ಪಲಿಲ್ಲ. ಕಲ್ಲಿದ್ದಲಿಗೆ ಆ ಕಾಲದ ಜೌಗು ಪ್ರದೇಶ, ಹವೆ ಮತ್ತು ಭೂಮಿಯ ಚಲನೆಯೇ ಮುಖ್ಯ ಕಾರಣ ಎಂದು ತೋರಿಸಿತು. ಕಲ್ಲಿದ್ದಲಿನ ಜಗಳ ಏನೇ ಇರಲಿ, ಬಿದ್ದ ಮರವನ್ನು ಮಣ್ಣು ಮಾಡುವ ದೊಡ್ಡ ಕೆಲಸ ಅಣಬೆಯದ್ದು ಎಂಬುದರಲ್ಲಿ ಅನುಮಾನವಿಲ್ಲ.

ಕೊಡೆಯಾಕಾರದ ಅಣಬೆ ಬಲು ಮೆತ್ತಗೆ, ಎರಡು ದಿನಕ್ಕೆ ಕರಗಿಹೋಗುತ್ತದೆ. ಅದಕ್ಕೇ ಅದರ ಪಳೆಯುಳಿಕೆ ಸಿಗುವುದು ಬಹಳ ಅಪರೂಪ. ಬ್ರೆಜಿಲ್‌ನ ಸುಣ್ಣಕಲ್ಲಿನಲ್ಲಿ ಸಿಕ್ಕ, ಬೆರಳುದ್ದದ ಒಂದು ಅಣಬೆಗೆ ಸುಮಾರು 11.5 ಕೋಟಿ ವರ್ಷ ವಯಸ್ಸು. ಅದರ ಕೊಡೆಯಡಿಯ ಪದರಗಳ ಗುರುತೂ ಉಳಿದಿದೆ. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲೇ ಇವತ್ತಿನಂಥ ನಾಯಿಕೊಡೆ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ಕಡಿಯುವವನೇ ಕಾಯುವವನಾದ

ಕಟ್ಟಿಗೆ ತಿನ್ನುತ್ತಿದ್ದ ಅಣಬೆಗಳಲ್ಲಿ ಕೆಲವು ದಾರಿ ಬದಲಿಸಿದವು. ಸತ್ತ ಮರವನ್ನು ಕಷ್ಟಪಟ್ಟು ಒಡೆಯುವ ಬದಲು, ಬದುಕಿರುವ ಮರದ ಬೇರಿಗೆ ಹೊದಿಕೆಯಂತೆ ಸುತ್ತಿಕೊಂಡು, ನೀರು, ರಂಜಕ, ಸಾರಜನಕ ತಂದುಕೊಟ್ಟು ಸಕ್ಕರೆ ಪಡೆಯತೊಡಗಿದವು. 2015ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮರದ ಜೊತೆಗಾರರಾದ ಅಣಬೆಗಳಲ್ಲಿ ಲಿಗ್ನಿನ್ ಒಡೆಯುವ ಜೀನ್‌ಗಳು ಬಹಳಷ್ಟು ಕಳೆದುಹೋಗಿವೆ. ಕೊಡಲಿ ಕೆಳಗಿಟ್ಟವರ ಹಾಗೆ.

ಇದು ಒಮ್ಮೆ ಮಾತ್ರ ಆದದ್ದಲ್ಲ. ಬೇರೆ ಬೇರೆ ಶಿಲೀಂಧ್ರ ವಂಶಗಳು, ಬೇರೆ ಬೇರೆ ಕಾಲದಲ್ಲಿ, ಹತ್ತಾರು ಬಾರಿ ಸ್ವತಂತ್ರವಾಗಿ ಇದೇ ದಾರಿ ಹಿಡಿದಿವೆ. ಮರಗಳಲ್ಲೂ ಎಲ್ಲವೂ ಒಪ್ಪಲಿಲ್ಲ. ಪೈನ್, ಓಕ್, ನೀಲಗಿರಿ, ಮತ್ತು ನಮ್ಮ ಧೂಪ, ಬೋಗಿ ಇರುವ ಡಿಪ್ಟೆರೊಕಾರ್ಪ್ ಕುಟುಂಬ ಒಪ್ಪಿದವು. ಮಾವು, ಹಲಸಿನಂಥ ಹೆಚ್ಚಿನ ಮರಗಳು ಹಳೆಯ, ಕೊಡೆ ಬಿಡದ ಶಿಲೀಂಧ್ರದ ಜೊತೆಗೇ ಉಳಿದವು. ಕಲ್ಲಣಬೆ ಮಾವಿನ ಬುಡ ಬಿಟ್ಟು ಬೋಗಿಯ ಹತ್ತಿರ ಸಿಗುವುದಕ್ಕೆ ಇದೇ ಕಾರಣ.

ಹುತ್ತದ ಅಣಬೆಯ ಕಥೆ ಬೇರೆ. ಅದು ಮರದ ಜೊತೆಗಾರನಲ್ಲ, ಗೆದ್ದಲಿನ ಬೆಳೆ. ಗೆದ್ದಲು ಎಲೆ, ಕಡ್ಡಿ ತಂದು ಹುತ್ತದೊಳಗೆ ಆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ಆ ಬೇಸಾಯ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತು. ನಮ್ಮ ಬೇಸಾಯಕ್ಕೆ ಹತ್ತು ಸಾವಿರ ವರ್ಷ ಎಂದು ನಾವು ಹೆಮ್ಮೆ ಪಡುತ್ತೇವೆ!

ಮಲ್ಪೆಯ ಕಲ್ಲು ಹೇಳುವ ಕಾಲ

ಈಗ ನಮ್ಮ ನೆಲಕ್ಕೆ ಬರೋಣ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬ ನಿಲ್ಲಿಸಿದಂಥ ಕಲ್ಲುಗಳಿವೆ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದ ಕಾಲದ ಲಾವಾದಿಂದ ಆದ ಕಲ್ಲು ಅದು. ಆ ಬೇರ್ಪಡೆ ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಮೇಲೆ ಭಾರತ ದೊಡ್ಡ ಹಡಗಿನಂತೆ ಸಮುದ್ರದಲ್ಲಿ ಉತ್ತರಕ್ಕೆ ಸಾಗಿತು. ದಾರಿಯಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇವತ್ತಿನ ಮಹಾರಾಷ್ಟ್ರ ಮತ್ತು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಲಾವಾ ಹರಿದು, ಅದರಿಂದ ಮುಂದೆ ಕಪ್ಪು ಮಣ್ಣು ಆಯಿತು. ಕೊನೆಗೆ ಈ ಹಡಗು ಏಷ್ಯಾಕ್ಕೆ ಬಂದು ಬಡಿಯಿತು, ಹಿಮಾಲಯ ಎದ್ದಿತು.

ಧೂಪದ ಕುಟುಂಬದ ಮರಗಳು ಇವತ್ತು ಆಫ್ರಿಕಾದಲ್ಲಿವೆ, ನಮ್ಮಲ್ಲಿವೆ, ಆಗ್ನೇಯ ಏಷ್ಯಾದ ಕಾಡುಗಳಲ್ಲಂತೂ ಅವುಗಳದ್ದೇ ರಾಜ್ಯ. ಇವುಗಳ ಹತ್ತಿರದ ನೆಂಟ ಕುಟುಂಬವೊಂದು ಮಡಗಾಸ್ಕರ್‌ನಲ್ಲಿ ಮಾತ್ರ ಇದೆ. 2004ರಲ್ಲಿ ವಿಜ್ಞಾನಿಗಳು ಆ ಮಡಗಾಸ್ಕರ್ ಮರಗಳ ಬೇರು ಪರೀಕ್ಷಿಸಿದಾಗ ಅಲ್ಲಿಯೂ ಅಣಬೆಯ ಹೊದಿಕೆ ಕಂಡಿತು. ಆಫ್ರಿಕಾದವುಗಳಿಗೂ ಇದೆ, ಏಷ್ಯಾದವುಗಳಿಗೂ ಇದೆ, ಮಡಗಾಸ್ಕರ್‌ನವುಗಳಿಗೂ ಇದೆ ಎಂದಾದರೆ, ಇವೆಲ್ಲದರ ಮೂಲ ಅಜ್ಜಿಮರಕ್ಕೇ ಆ ಸ್ನೇಹ ಇದ್ದಿರಬೇಕು. ಅಂದರೆ ಭಾರತ ಮಡಗಾಸ್ಕರ್‌ನಿಂದ ಬಿಡಿಸಿಕೊಳ್ಳುವ ಮೊದಲೇ ಈ ಒಪ್ಪಂದ ಆಗಿತ್ತು ಎಂದು ಅವರು ವಾದಿಸಿದರು.

ಈ ಮರಗಳು ಭಾರತಕ್ಕೆ ಬಂದ ಸರಿಯಾದ ದಾರಿಯ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಭೂಮಿ ಒಂದಾಗಿದ್ದಾಗಲೇ ಇದ್ದವು ಎಂಬುದು ಒಂದು ವಾದ. ಭಾರತ ಸಮುದ್ರದಲ್ಲಿ ಸಾಗುವಾಗ ನಡುವಿನ ದ್ವೀಪಗಳ ಮೂಲಕ ಆಫ್ರಿಕಾದಿಂದ ದಾಟಿದವು ಎಂಬುದು ಇನ್ನೊಂದು. ಮಧ್ಯ ಭಾರತದ ಆ ಕಾಲದ ಪದರಗಳಲ್ಲಿ ಸಿಕ್ಕ ಪರಾಗ ಇಟ್ಟುಕೊಂಡು 2022ರಲ್ಲಿ ಬಂದ ಒಂದು ಅಧ್ಯಯನ ಎರಡನೆಯದರ ಕಡೆ ವಾಲುತ್ತದೆ. ಎರಡು ವಾದಗಳಲ್ಲೂ ಒಂದು ಮಾತು ಸಮಾನ: ಈ ಕುಟುಂಬವನ್ನು ಏಷ್ಯಾಕ್ಕೆ ತಲುಪಿಸಿದ ಹಡಗು ಭಾರತವೇ.

ಈ ಪ್ರಯಾಣದ ಒಂದು ಕೈಗೆ ಸಿಗುವ ಸಾಕ್ಷಿ ಗುಜರಾತಿನಲ್ಲಿದೆ. ಅಲ್ಲಿನ ತಡಕೇಶ್ವರ ಲಿಗ್ನೈಟ್ ಗಣಿಯಲ್ಲಿ ಮರದ ಅಂಟು ಗಟ್ಟಿಯಾದ ಅಂಬರ್ ತುಣುಕುಗಳು ಸಿಗುತ್ತವೆ. ಆ ಅಂಟು ಧೂಪದ ಕುಟುಂಬದ್ದೇ. ನಾವು ದೇವರ ಮುಂದೆ ಹಾಕುವ ಬಿಳಿ ಧೂಪದ ರಾಳದ ದೂರದ ಅಜ್ಜ ಎನ್ನಬಹುದು. ಅಂಥ ಒಂದು ತುಣುಕಿನೊಳಗೆ ಶಿಲೀಂಧ್ರ ಸುತ್ತಿಕೊಂಡ ಪುಟ್ಟ ಬೇರುತುದಿಗಳು ಸಿಕ್ಕಿದ್ದನ್ನು 2011ರಲ್ಲಿ ಪ್ರಕಟಿಸಿದರು. ವಯಸ್ಸು ಸುಮಾರು 5.2 ಕೋಟಿ ವರ್ಷ. ಆ ಶಿಲೀಂಧ್ರ ಕೊಡೆ ಬಿಡುವ ಬಗೆಯದ್ದಲ್ಲ, ಕಪ್ಪು ನೂಲಿನ ಬೇರೆ ಬಗೆ. ಆದರೆ ಹೊದಿಕೆ ಹೊದಿಸುವ ಪದ್ಧತಿ ಇವತ್ತಿನದ್ದೇ.

ಮನುಷ್ಯನಿಗೆ ತಿಳಿದದ್ದು ನಿನ್ನೆ ಮೊನ್ನೆ

ಇಷ್ಟು ಹಳೆಯ ವಿಷಯ ವಿಜ್ಞಾನಕ್ಕೆ ಗೊತ್ತಾದದ್ದು 1880ರ ದಶಕದಲ್ಲಿ. ಮೇಲಿನ ಕ್ಯಾಲೆಂಡರ್ ಲೆಕ್ಕದಲ್ಲಿ ವರ್ಷದ ಕೊನೆಯ ಹತ್ತು ಸೆಕೆಂಡು. ಜರ್ಮನಿಯ ಪ್ರಶ್ಯಾ ಸರ್ಕಾರಕ್ಕೆ ಟ್ರಫಲ್ ಎಂಬ ದುಬಾರಿ ನೆಲದಡಿಯ ಅಣಬೆಯನ್ನು ಬೆಳೆಯಬೇಕೆಂಬ ಆಸೆ ಇತ್ತು. ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ಆ ಕೆಲಸ ವಹಿಸಿದರು. ಟ್ರಫಲ್ ಬೆಳೆ ಕೈಗೆ ಬರಲಿಲ್ಲ. ಆದರೆ ಕಾಡಿನ ಮರಗಳ ಬೇರುತುದಿಗಳನ್ನೆಲ್ಲ ಶಿಲೀಂಧ್ರ ಸುತ್ತಿಕೊಂಡಿರುವುದನ್ನು ಅವರು ಕಂಡರು. 1885ರಲ್ಲಿ ಅದಕ್ಕೆ ಮೈಕೊರೈಜಾ, ಅಂದರೆ ಶಿಲೀಂಧ್ರಬೇರು, ಎಂದು ಹೆಸರಿಟ್ಟರು. ಇದು ರೋಗ ಅಲ್ಲ, ಮರಕ್ಕೆ ಉಣಿಸುವ ದಾದಿ ಎಂದರು. ಅನೇಕರು ನಂಬಲಿಲ್ಲ. ಅವರು ಪೈನ್ ಸಸಿಗಳನ್ನು ಬೇಯಿಸಿದ ಮಣ್ಣಿನಲ್ಲೂ ಬೇಯಿಸದ ಮಣ್ಣಿನಲ್ಲೂ ಬೆಳೆಸಿದರು. ಶಿಲೀಂಧ್ರ ಸತ್ತ ಮಣ್ಣಿನಲ್ಲಿ ಸಸಿ ಸೊರಗಿತು.

ಇದೇ ಪಾಠವನ್ನು ಅರಣ್ಯ ಇಲಾಖೆಗಳು ದುಡ್ಡು ಕಳೆದುಕೊಂಡು ಕಲಿತವು. ಪೈನ್ ಇಲ್ಲದ ನಾಡುಗಳಿಗೆ, ಉದಾಹರಣೆಗೆ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಮತ್ತು ಪೋರ್ಟೊ ರಿಕೊಕ್ಕೆ, ಬರೀ ಬೀಜ ಒಯ್ದು ನೆಟ್ಟಾಗ ಸಸಿಗಳು ಹಳದಿಯಾಗಿ ನಿಂತವು. ಪೈನ್ ಕಾಡಿನ ಮಣ್ಣು ತಂದು ಹಾಕಿದ ಮೇಲೆ ಎದ್ದವು. ಬೀಜದ ಜೊತೆ ಸ್ನೇಹಿತ ಬಂದಿರಲಿಲ್ಲ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ತಾಯಿಮರ ತನ್ನ ಮಕ್ಕಳಿಗೆ ಮಣ್ಣಿನಡಿ ಅಣಬೆ ನೂಲಿನಲ್ಲಿ ಊಟ ಕಳಿಸುತ್ತದೆ, ಮಾತಾಡುತ್ತದೆ ಎಂಬ ವಿಡಿಯೋಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಕೆನಡಾದಲ್ಲಿ ಸುಝಾನ್ ಸಿಮಾರ್ಡ್ ಮತ್ತು ಜೊತೆಗಾರರು 1997ರಲ್ಲಿ ಎರಡು ಜಾತಿಯ ಮರಗಳ ನಡುವೆ ಇಂಗಾಲ ಸಾಗಿದ್ದನ್ನು ತೋರಿಸಿದ್ದು ನಿಜ. ಆದರೆ ಅದು ನೂಲಿನ ಮೂಲಕವೇ ಎಷ್ಟು ಹೋಯಿತು, ಅದರಿಂದ ಸಸಿಗೆ ಎಷ್ಟು ಲಾಭ ಎಂಬುದಕ್ಕೆ ಕಾಡಿನಲ್ಲಿ ಸಾಕಷ್ಟು ಪುರಾವೆ ಇಲ್ಲ ಎಂದು 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಬರೆದರು. ಮರ ಮತ್ತು ಅಣಬೆಯ ಕೊಡುಕೊಳ್ಳುವಿಕೆ ಗಟ್ಟಿ ಸತ್ಯ. ಮರಗಳ ಮಾತುಕತೆ ಸದ್ಯಕ್ಕೆ ಕಥೆ.

ನಮಗೆ ಇದರಿಂದ ಏನು?

ಧೂಪದ ಬೀಜ ಕಾದಿಟ್ಟು ಬಿತ್ತುವಂಥದ್ದಲ್ಲ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮರವನ್ನು ಪ್ಲೈವುಡ್‌ಗೆ ಕಡಿದದ್ದೂ ಕಡಿಮೆಯಲ್ಲ. ಕಡಿದ ಕಡೆ, ಬೋಳು ಗುಡ್ಡಗಳ ಮೇಲೆ, 1980ರ ದಶಕದಿಂದ ಕರಾವಳಿಯುದ್ದಕ್ಕೂ ಅಕೇಶಿಯಾ ಬಂತು. ಅಕೇಶಿಯಾ ತೋಪಿನಲ್ಲೂ ಅಣಬೆ ಏಳುತ್ತವೆ, ಅದು ಸುಳ್ಳಲ್ಲ. ಆದರೆ ಧೂಪ, ಬೋಗಿಯ ಬೇರಿನಲ್ಲಿ ಕೋಟ್ಯಂತರ ವರ್ಷ ಜೊತೆಗಿದ್ದ ಬಳಗವೇ ಅಲ್ಲಿ ಹಾಗೇ ಉಳಿಯುತ್ತದೆ ಎನ್ನಲಾಗದು. ಬೇರಿನ ಸಕ್ಕರೆ ನಿಂತರೆ ಅವುಗಳ ಅನ್ನವೇ ನಿಲ್ಲುತ್ತದೆ. ಕಾಡು ಕಡಿದು ಇಪ್ಪತ್ತು ವರ್ಷದ ಮೇಲೆ ಧೂಪದ ಸಸಿ ನೆಡುತ್ತೇವೆ ಎಂದು ಹೊರಟರೆ ಆ ಮಣ್ಣಿನಲ್ಲಿ ದಾದಿ ಉಳಿದಿರಬೇಕಲ್ಲ? ಹಾಗಾಗಿ ಊರಿನ ದೇವರಕಾಡು, ನಾಗಬನ, ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹಳೆಯ ಧೂಪ, ಬೋಗಿ ಮರಗಳು ಬರೀ ಮರಗಳಲ್ಲ. ಮುಂದಿನ ಸಸಿಗಳಿಗೆ ಬೇಕಾದ ಹೆಪ್ಪು ಅವುಗಳ ಬುಡದಲ್ಲಿದೆ. ನರ್ಸರಿಯವರು ಧೂಪದ ಸಸಿ ಮಾಡುವಾಗ ಅಂಥ ಮರದಡಿಯ ಒಂದು ಹಿಡಿ ಮಣ್ಣು ಬೆರೆಸಿದರೆ ಒಳ್ಳೆಯದು ಎನ್ನುವುದು ಇದಕ್ಕೇ.

ಅಣಬೆ ಕೀಳುವವರಿಗೂ ಒಂದು ಮಾತು. ಸ್ವಿಟ್ಜರ್‌ಲೆಂಡಿನಲ್ಲಿ ಸುಮಾರು 29 ವರ್ಷ ನಡೆದ ಪ್ರಯೋಗವೊಂದರಲ್ಲಿ, ಅಣಬೆ ಕೀಳುವುದರಿಂದ ಮುಂದಿನ ವರ್ಷಗಳ ಫಸಲು ಕಡಿಮೆಯಾಗಲಿಲ್ಲ. ಕಾಲಿನಿಂದ ನೆಲ ತುಳಿದದ್ದರಿಂದ ಆ ಕಡೆ ಏಳುವ ಅಣಬೆ ಕಡಿಮೆಯಾಯಿತು. ಕಿತ್ತು ತರುವುದು ಹಣ್ಣು ಕೊಯ್ದಂತೆ. ಆದರೆ ಕಲ್ಲಣಬೆಗೆ ಮಣ್ಣು ಕೆದಕಬೇಕು. ಹಾರೆ, ಗುದ್ದಲಿ ಹಾಕಿ ಅಗೆದರೆ ಬೇರುತುದಿಯೂ ನೂಲೂ ತುಂಡಾಗುತ್ತವೆ. ಕಡ್ಡಿಯಲ್ಲಿ ಮೆಲ್ಲಗೆ ಕೆದಕಿ, ಮಣ್ಣು ಮತ್ತೆ ಮುಚ್ಚಿ, ತರಗೆಲೆ ಎಳೆದು ಬರುವ ಹಿರಿಯರ ಪದ್ಧತಿಯೇ ಸರಿ. ಇನ್ನೊಂದು, ಗುರುತು ಸರಿಯಾಗಿ ಗೊತ್ತಿಲ್ಲದ ಅಣಬೆ ತಿನ್ನಲೇಬೇಡಿ. ಬೆಳ್ಳಿ ಕಪ್ಪಾಗುತ್ತದೆಯೇ, ಹುಳ ತಿಂದಿದೆಯೇ ಎಂಬ ಪರೀಕ್ಷೆಗಳಿಂದ ವಿಷ ತಿಳಿಯುವುದಿಲ್ಲ.

ಬಯಲುಸೀಮೆಯ ಓದುಗರು ನಮ್ಮಲ್ಲಿ ಧೂಪವೇ ಇಲ್ಲ ಎನ್ನಬೇಡಿ. ನಿಮ್ಮ ಹೊಲದ ಬೇರಿನಲ್ಲಿರುವುದು ಇದಕ್ಕಿಂತ ಹಳೆಯ ಜೊತೆಗಾರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮತ್ತವರ ಸಹೋದ್ಯೋಗಿಗಳು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಮಣ್ಣಿಗೆ ರಂಜಕದ ಗೊಬ್ಬರ ಅತಿಯಾಗಿ ಸುರಿದರೆ ಗಿಡ ಈ ಜೊತೆಗಾರನಿಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಮನೆಗೆ ಪುಕ್ಕಟೆ ಅಕ್ಕಿ ಬರುವಾಗ ಅಂಗಡಿಯವನಿಗೆ ಯಾರು ದುಡ್ಡು ಕೊಡುತ್ತಾರೆ? ಪದೇ ಪದೇ ಉಳುಮೆ ಮಾಡಿದರೂ ನೂಲಿನ ಜಾಲ ಹರಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಡಿಎಪಿ ಹಾಕಿದರೆ ಹಣವೂ ಉಳಿಯುತ್ತದೆ, ಹಳೆಯ ಸ್ನೇಹವೂ ಉಳಿಯುತ್ತದೆ.

ಈ ಮಳೆಗಾಲದಲ್ಲಿ ನಿಮ್ಮ ಊರಿನ ಹಿರಿಯರನ್ನು ಒಂದು ಪ್ರಶ್ನೆ ಕೇಳಿ: ಯಾವ ಅಣಬೆ ಯಾವ ಮರದ ಬುಡದಲ್ಲಿ ಏಳುತ್ತದೆ? ಮರದ ಹೆಸರು, ಅಣಬೆಯ ಊರ ಹೆಸರು, ಎದ್ದ ತಿಂಗಳು, ಇಷ್ಟನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಅಂಥ ಪಟ್ಟಿ ಹೆಚ್ಚಿನ ಊರುಗಳಲ್ಲಿ ಈಗ ಇರುವುದು ಕೆಲವರ ನೆನಪಿನಲ್ಲಿ ಮಾತ್ರ.